ನಲ್ಲಿಗೆ ಇಟ್ಟ ಕುಂಕುಮ

ಸುಜಾತಾ, ಅವತ್ತು ನಿಮ್ಮ ಮನೆ ಮುಂದಿನ ಹೊಸ ನಲ್ಲಿಯಲ್ಲಿ ಬಂದದ್ದು ಟ್ಯಾಂಕರಿನಿಂದ ತಂದು ತುಂಬಿದ ನೀರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬಾಯಿಂದ ‘ನಮ್ಮೂರಿಗೆ ನೀರು ಬಂತು’ ಎಂದು ಹೇಳಿಸಿದೆ. ಆಮೇಲೆ ಊರಿನವರು ಸೇರಿ ನನ್ನನ್ನು ಕೇಳಿದಾಗ ‘ನಾನೇ ನೋಡಿದ್ದೀನಿ’ ಎಂದೆ. ನೀನು ಅಲ್ಲೇ ನಿಂತಿದ್ದೆ.

ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು ನನಗೆ. ಮಂಡ್ಯದ ಲೋಕಲ್ ಚಾನೆಲ್ಲಿನಲ್ಲಿ ದಿನಾ ಸಂಜೆ ಸುದ್ದಿ ಓದುತ್ತಿದ್ದವಳು ನಾನು, ಯಾರ ಊರಲ್ಲಿ ಏನಾಯಿತೆಂದು ಇಡೀ ಜಿಲ್ಲೆಗೆ ಹೇಳುತ್ತಿದ್ದವಳು. ನಾನು ಮಾಡಿದ್ದನ್ನು ಹೇಳುವ ಹೊತ್ತಿಗೆ ಮಾತ್ರ ಬಾಯಿ ಕಟ್ಟಿಹೋಯಿತು.

ಆ ಬಾಯಿಯಾದರೂ ಯಾರದು — ನೀನು ತಿದ್ದಿ ಕೊಟ್ಟದ್ದೇ ಅಲ್ಲವೇ. ಮಳವಳ್ಳಿಯ ಮೇಲೆ ಮದ್ದೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ನಾನು ಪೇಪರ್ ಗಟ್ಟಿಯಾಗಿ ಓದಬೇಕು, ನೀನು ಕೇಳಬೇಕು. ‘ಅಳ್ಳಿ ಅಲ್ಲ ಕಣಮ್ಮಿ, ಹಳ್ಳಿ. ಉಸುರು ಬುಡು ಒಸಿ, ಕಾಸು ಕೊಡಬೇಕಾ ಅದುಕ್ಕೆ?’ ಎಂದು ನೀನು ರೇಗಿಸಿದರೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡುತ್ತಿದ್ದರು. ನಿಮ್ಮಪ್ಪ ಮಾಸ್ತರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಪ್ಪವಾಗಿ ಜೋಡಿಸಿದ ಪುಸ್ತಕಗಳು. ನಮ್ಮದು ಮೇಲಿನ ಬೀದಿಯ ಒಕ್ಕಲು ಮನೆ. ಗೋಡೆಯ ಮೇಲೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು. ನೀನು ನಮ್ಮ ಮನೆಗೆ ಬಂದರೆ ಅವ್ವ ಹಿತ್ತಲ ಬಾಗಿಲಲ್ಲಿ ಬೇರೆ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು. ನೀನು ‘ನಾನು ಕಾಫಿ ಕುಡಿಯಕ್ಕಿಲ್ಲ ಕಣವ್ವ’ ಎಂದುಬಿಡುತ್ತಿದ್ದೆ. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಒಂದರ ಹಿಂದೆ ಒಂದು ಕಾಫಿ ಕುಡಿಯುತ್ತಿದ್ದವಳು. ನಾನು ಅದನ್ನು ನೋಡಿ ನಗುತ್ತಿದ್ದೆ. ಯಾಕೆ ಹಾಗೆ ಮಾಡುತ್ತೀ ಎಂದು ಕೇಳಲೇ ಇಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ನನಗೆ ಆಗಲೇ ರೂಢಿಯಾಗಿತ್ತು ಅನ್ನಿಸುತ್ತದೆ ಈಗ.

ಚಾನೆಲ್ಲಿನ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಮೈಕು ಮುಂದೆ ಹಿಡಿದರೆ ಹಳ್ಳಿಯವರ ನಾಲಿಗೆ ಒಣಗುತ್ತದೆ. ಹಾಗಾಗಿ ಹೇಳಬೇಕಾದ ಮಾತನ್ನು ಮೊದಲೇ ಅವರ ಕಿವಿಯಲ್ಲಿ ಹೇಳಿಕೊಡುವುದು. ‘ಹಿಂಗನ್ನಿ ಅಕ್ಕ, ಸಾಕು.’ ಅವರು ಹಾಗೇ ಅನ್ನುತ್ತಿದ್ದರು — ನಾಚಿಕೊಂಡು, ಸೆರಗು ಸರಿಮಾಡಿಕೊಂಡು. ನನ್ನ ಮಾತೇ ನಾಲ್ಕಾರು ಊರಿನವರ ಬಾಯಲ್ಲಿ ಬರುತ್ತಿತ್ತು. ಸಂಜೆ ನಾನೇ ಅದನ್ನು ಜನಾಭಿಪ್ರಾಯ ಎಂದು ಓದುತ್ತಿದ್ದೆ. ಅದರಲ್ಲಿ ತಪ್ಪಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಆ ವರ್ಷ ಎಲೆಕ್ಷನ್ನು ಹತ್ತಿರ ಬಂದಿತ್ತು. ಮನೆಮನೆಗೆ ನಲ್ಲಿ ಹಾಕಿಸಿದ್ದನ್ನು ನಮ್ಮ ಭಾಗದ ನಾಯಕರು ನಮ್ಮೂರಿನಲ್ಲೇ ಉದ್ಘಾಟನೆ ಮಾಡುತ್ತಾರೆ ಎಂದು ಗೊತ್ತಾಯಿತು. ಚಾನೆಲ್ಲು ನಡೆಯುತ್ತಿದ್ದದ್ದೇ ಅವರ ಜಾಹೀರಾತಿನಿಂದ. ಓನರು ನನ್ನನ್ನು ಕರೆದು ‘ನಿಮ್ಮೂರೇ ಅಲ್ವಾ ಪ್ರೇಮಾ, ಚೆನ್ನಾಗಿ ಮಾಡ್ಕೊಂಡು ಬಾ. ಸಾಹೇಬ್ರೇ ಕೂತು ನೋಡ್ತಾರೆ’ ಎಂದರು. ಅವರು ಬೆದರಿಸಲಿಲ್ಲ. ಸುಳ್ಳು ಹೇಳು ಎಂದೂ ಅನ್ನಲಿಲ್ಲ. ಬೇಕಾಗಿಯೂ ಇರಲಿಲ್ಲ ಅದು — ನನ್ನೂರಿನಲ್ಲಿ ನಾನು ಮೈಕು ಹಿಡಿದು ನಿಲ್ಲುವುದನ್ನು ಊರು ನೋಡಬೇಕು ಎಂಬ ಆಸೆ ನನಗೇ ಇತ್ತು.

ಬೆಳಿಗ್ಗೆ ಬೇಗ ಬಂದೆ. ಓವರ್‌ಹೆಡ್ ಟ್ಯಾಂಕಿನ ಹತ್ತಿರ ಟ್ಯಾಂಕರು ನಿಂತಿತ್ತು, ದಪ್ಪನೆಯ ಪೈಪು ಮೇಲಕ್ಕೆ ಹೋಗಿತ್ತು. ಕಂಟ್ರಾಕ್ಟರನ ಕಡೆಯವನೊಬ್ಬ ನನ್ನನ್ನು ನೋಡಿ, ‘ಮೋಟ್ರು ಇನ್ನೂ ಕೂರಿಸಿಲ್ಲ ಕಣಕ್ಕ. ಇವತ್ತಿಗೆ ಅಂತ ತುಂಬ್ತಾ ಇದೀವಿ. ಬತ್ತದೆ ಬುಡಿ, ಎಲ್ಲಿಗೋಯ್ತದೆ ನೀರು?’ ಎಂದ. ನಾನು ಕ್ಯಾಮೆರಾದವನಿಗೆ ಆ ಕಡೆ ತಿರುಗಬೇಡ ಎಂದೆ.

ಉದ್ಘಾಟನೆ ಕೆಳಗಿನ ಬೀದಿಯಲ್ಲೇ ಆಗಬೇಕೆಂದು ಸಾಹೇಬರ ಕಡೆಯವರು ತೀರ್ಮಾನಿಸಿದ್ದರು. ಫೋಟೋಗೆ ಅದು ಚೆಂದ ಎಂದು. ಬೀದಿಯ ಬಾಯಲ್ಲಿ ನಿಮ್ಮ ಮನೆ. ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಎತ್ತಿಸಬೇಕೆಂಬುದು ಮಾತ್ರ ನನ್ನದೇ ಯೋಚನೆ. ಹೊಸ ನೀರು ಬಂದರೆ ನಮ್ಮ ಬೀದಿಯಲ್ಲಿ ಗಂಗೆಪೂಜೆ ಮಾಡುತ್ತಾರೆ. ಟೀವಿಯಲ್ಲಿ ಆ ಒಂದು ದೃಶ್ಯ ಸಾಕು, ಹತ್ತು ಭಾಷಣ ಬೇಡ.

‘ನಮ್ಮನೇಲಿ ಇದ್ನೆಲ್ಲ ಮಾಡಕ್ಕಿಲ್ಲ ಅಂತ ನಿಂಗೊತ್ತಲ್ಲಮ್ಮಿ. ಅಪ್ಪ ನೋಡುದ್ರೆ ನೊಂದ್ಕತ್ತದೆ’ ಎಂದೆ ನೀನು.

‘ಪೂಜೆ ಅಲ್ಲ ಕಣೇ, ಶಾಟು ಅಷ್ಟೇ. ನನಗೋಸ್ಕರ.’

ನೀನು ಆರತಿ ತಟ್ಟೆ ಕೈಗೆ ತೆಗೆದುಕೊಂಡೆ. ‘ನೀರು ದಿನಾ ಬತ್ತದ?’ ಎಂದು ಕೇಳಿದೆ.

‘ಬತ್ತದೆ ಕಣೇ’ ಎಂದೆ ನಾನು.

ನೀನು ಕುಂಕುಮ ಹಚ್ಚಿದೆ. ನಾನು ಹೇಳಿಕೊಟ್ಟಂತೆ ‘ನಮ್ಮೂರಿಗೆ ನೀರು ಬಂತು, ನಮ್ಮ ಕಷ್ಟ ತೀರ್ತು’ ಎಂದೆ. ಎಷ್ಟು ಸಹಜವಾಗಿ ಹೇಳಿದೆ ಗೊತ್ತೇ — ನನ್ನ ಮೇಲಿನ ನಂಬಿಕೆಯಿಂದ ಹೇಳಿದವಳ ದನಿಯನ್ನು ಯಾರು ತಾನೇ ನಂಬದೆ ಇರುತ್ತಾರೆ.

ಆ ದೃಶ್ಯವನ್ನು ಎಲೆಕ್ಷನ್ನು ಮುಗಿಯುವವರೆಗೆ ಹಾಕುತ್ತಲೇ ಇದ್ದೆವು. ನಲ್ಲಿಯ ನೀರು ಮಾರನೆಯ ದಿನವೇ ನಿಂತಿತು.

ನಮ್ಮ ಬೀದಿಯ ನಲ್ಲಿಗಳೂ ಒಣಗೇ ಇದ್ದವು. ಜನ ಸಾಹೇಬರನ್ನು ಕೇಳಬೇಕಿತ್ತು, ಕಂಟ್ರಾಕ್ಟರನನ್ನು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಟೀವಿಯಲ್ಲಿ ಕೆಳಗಿನ ಬೀದಿಗೆ ನೀರು ಬಂದದ್ದನ್ನು ಕಣ್ಣಾರೆ ಕಂಡಿದ್ದರಲ್ಲ — ಹಾಗಾದರೆ ನಮ್ಮ ಪಾಲಿನ ನೀರೂ ಅಲ್ಲಿಗೇ ಹೋಗುತ್ತಿದೆ ಎಂದು ಲೆಕ್ಕ ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ಬೇಕಾದರೆ ಬಂದು ತಿರುಗಿಸಿ ನೋಡಿ ಎಂದು ನೀನು ಕರೆದೆ. ಬಂದರು, ತಿರುಗಿಸಿದರು, ನಲ್ಲಿ ಬುಸ್ಸೆಂದು ಗಾಳಿ ಬಿಟ್ಟಿತು. ‘ನಾವ್ ಬರೋ ಹೊತ್ಗೆ ನಿಲ್ಸವ್ರೆ ಕಣ್ಲಾ’ ಎಂದು ಮಾತಾಡಿಕೊಂಡು ಹಿಂದಿರುಗಿದರು. ಒಣ ನಲ್ಲಿಯನ್ನು ಕೈಯಲ್ಲಿ ಹಿಡಿದೂ ಅವರು ನಂಬಿದ್ದು ನನ್ನ ಸುದ್ದಿಯನ್ನೇ.

ಊರಿಗೆಲ್ಲ ನಿಜವಾಗಿ ನೀರು ಕೊಡುತ್ತಿದ್ದದ್ದು ಬೋರ್‌ವೆಲ್ಲಿನ ತೊಂಬೆ, ಎರಡು ಬೀದಿಯ ನಡುವೆ ಇರುವ ಆ ಸಣ್ಣ ಟ್ಯಾಂಕು. ಎರಡು ಬೀದಿಯವರೂ ಅಲ್ಲೇ ಕೊಡ ಇಡುತ್ತಿದ್ದರು. ‘ನಿಮಗೆ ಮನೆ ಮುಂದೆ ನಲ್ಲಿ ಬಂತಲ್ಲ, ಇನ್ನು ತೊಂಬೆ ನಮಗೆ ಬುಡಿ’ ಎಂದು ನಮ್ಮ ಬೀದಿಯವರು ಶುರುಮಾಡಿದರು. ಬಾರದ ನೀರಿನ ಸುದ್ದಿ ಬರುತ್ತಿದ್ದ ನೀರನ್ನೂ ಕಿತ್ತುಕೊಳ್ಳತೊಡಗಿತು.

ಆಗ ನೀನು ಮಂಡ್ಯಕ್ಕೆ ಬಂದೆ, ಆಫೀಸಿಗೆ. ನಾನು ಹೊರಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ. ನೀನು ಮುಟ್ಟಲಿಲ್ಲ. ‘ಟೀವೀಲೇನೂ ಹೇಳ್ಬೇಡ. ಊರಿಗೆ ಬಂದು ಒಂದ್ ಮಾತು ಹೇಳು ಸಾಕು. ನಿನ್ ಮಾತ್ನ ನಂಬ್ತಾರೆ’ ಎಂದೆ ನೀನು. ಬರುತ್ತೇನೆ ಎಂದೆ ನಾನು. ನಿಜವಾಗಿಯೂ ಹೇಳಿಬಿಡಬೇಕೆಂದೇ ಹೊರಟಿದ್ದೆ — ಇದನ್ನಾದರೂ ನಂಬು ಎಂದು ಕೇಳುವ ಮುಖ ನನಗಿಲ್ಲ, ಆದರೂ ಹೊರಟಿದ್ದೆ.

ಭಾನುವಾರ ತೊಂಬೆಯ ಹತ್ತಿರ ಎರಡು ಬೀದಿಯವರೂ ಸೇರಿದ್ದರು. ಮಾತು ಏರಿತು. ಯಾರೋ ‘ಟೀವಿಯೋರು ಸುಳ್ಳು ತೋರ್ಸವ್ರೆ’ ಎಂದದ್ದೇ ತಡ, ನಮ್ಮವ್ವ ಕೊಡ ಕೆಳಗಿಟ್ಟು ಮುಂದೆ ಬಂದಳು. ‘ನನ್ ಮಗ್ಳು ಟೀವೀಲಿ ಸುಳ್ಳೇಳ್ತಾಳೇನ್ಲಾ? ಇಲ್ಲೇ ನಿಂತವ್ಳೆ, ಕೇಳಿ ಅವುಳ್ನೇ.’

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನ ಮುಖದಲ್ಲಿ ಆ ಹೆಮ್ಮೆ. ಆಚೆ ನೀನು, ತುಟಿಯಲ್ಲಿ ಸಣ್ಣ ನಗೆ — ಬಸ್ಸಿನಲ್ಲಿ ನಾನು ಕಷ್ಟದ ಪದದ ಹತ್ತಿರ ಬಂದಾಗ, ಈ ಸಲ ಸರಿಯಾಗಿ ಹೇಳುತ್ತಾಳೆ ಎಂದು ಕಾಯುತ್ತಿದ್ದೆಯಲ್ಲ, ಅದೇ ನಗೆ.

‘ನೀರು ಬರ್ತಿತ್ತು. ನಾನೇ ನೋಡಿದ್ದೀನಿ.’

ಒಂದಕ್ಷರ ತಪ್ಪಲಿಲ್ಲ. ನೀನು ಕಲಿಸಿದಂತೆ ಸ್ಪಷ್ಟವಾಗಿ ಹೇಳಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ನಲ್ಲಿಯನ್ನೂ ಕಂಡಿದ್ದೆ, ಟ್ಯಾಂಕರನ್ನೂ ಕಂಡಿದ್ದೆ, ನಲ್ಲಿಯ ಕಥೆಯನ್ನಷ್ಟೇ ಹೇಳಿದೆ.

ನೀನು ಒಂದು ಮಾತು ಆಡಿದ್ದರೆ ಸಾಕಿತ್ತು. ಇವಳೇ ಹೇಳಿಕೊಟ್ಟದ್ದು, ಇವಳೇ ಆರತಿ ಎತ್ತಿಸಿದ್ದು ಎಂದು ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆಯಬಹುದಿತ್ತು. ಯಾಕೆ ಸುಮ್ಮನಾದೆ ಸುಜಾತಾ — ನನ್ನನ್ನು ಉಳಿಸುವುದಕ್ಕೋ, ಅಥವಾ ನನ್ನ ಜೊತೆ ಮಾತೇ ಬೇಡ ಎಂದು ಆ ಗಳಿಗೆಯಲ್ಲೇ ಅನ್ನಿಸಿತೋ... ಖಾಲಿ ಕೊಡ ಎತ್ತಿಕೊಂಡು ಕೆಳಗಿನ ಬೀದಿಗೆ ಇಳಿದುಹೋದೆ. ಆ ಬೆನ್ನು ಈಗಲೂ ಕಣ್ಣ ಮುಂದಿದೆ.

ತೊಂಬೆ ನಿಮಗೆ ಮುಚ್ಚಿತು. ನಿಮ್ಮ ಬೀದಿಯವರು ಗದ್ದೆ ಬಯಲಿನ ಪಂಪ್‌ಸೆಟ್ಟುಗಳಿಂದ ನೀರು ಹೊತ್ತರು. ಮಾಸ್ತರು ಟೀವಿಯಲ್ಲಿ ಮಗಳು ಆರತಿ ಎತ್ತುವುದನ್ನು ನೋಡಿದರಂತೆ. ನಲ್ಲಿಗೆ ಹಚ್ಚಿದ ಕುಂಕುಮವನ್ನು ತೊಳೆದುಬಿಡೋಣವೆಂದು ಹೊರಗೆ ಬಂದರಂತೆ. ಮನೆಯಲ್ಲಿ ಅದಕ್ಕೆ ನೀರಿರಲಿಲ್ಲವಂತೆ. ಇದನ್ನು ನಮ್ಮ ಬೀದಿಯವರು ನಗುತ್ತಾ ಹೇಳಿಕೊಂಡರು. ನಾನು ನಗಲಿಲ್ಲ ನಿಜ, ಆದರೆ ನಗಬೇಡಿ ಎಂದೂ ಅನ್ನಲಿಲ್ಲ.

ಸಾಹೇಬರು ಗೆದ್ದರು. ಆ ಸುದ್ದಿಯನ್ನೂ ನಾನೇ ಓದಿದೆ. ನೀನು ಮಾಸ್ತರನ್ನು ಕರೆದುಕೊಂಡು ಹೊಳೆದಂಡೆಯ ಬ್ಲಫಿಗೆ, ಪವರ್‌ಹೌಸಿನಲ್ಲಿ ಕೆಲಸದಲ್ಲಿರುವ ನಿನ್ನ ತಮ್ಮನ ಕ್ವಾರ್ಟರ್ಸಿಗೆ ಹೋದೆ ಎಂದು ಅವ್ವನೇ ಹೇಳಿದಳು. ಒಳ್ಳೆಯದಾಯಿತು ಬುಡು, ಅಲ್ಲಿ ನೀರಿಗೇನು ಬರ, ಎಂದಳು.

ಈಗ ನಾನು ಸುದ್ದಿ ಓದುವುದಿಲ್ಲ. ಚಾನೆಲ್ಲು ಕೈ ಬದಲಾಯಿತು, ಹೊಸಬರಿಗೆ ಹೊಸ ಮುಖ ಬೇಕಾಯಿತು — ಪಶ್ಚಾತ್ತಾಪದಿಂದ ಬಿಟ್ಟೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬ್ಲಫಿನ ಬಸ್ಸಿನ ಬೋರ್ಡು ಕಂಡರೆ ಕಾಲು ತಡೆಯುತ್ತದೆ. ಒಮ್ಮೆ ಹತ್ತಿಯೂ ಕುಳಿತೆ, ಕಿಟಕಿಯ ಪಕ್ಕ, ಇನ್ನೊಂದು ಸೀಟು ಖಾಲಿ ಬಿಟ್ಟುಕೊಂಡು. ಕಂಡಕ್ಟರ್ ಬಂದು ಎಲ್ಲಿಗೆ ಎಂದಾಗ ಇಳಿದುಬಿಟ್ಟೆ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ ಸುಜಾತಾ. ಕ್ಷಮಿಸು ಎಂದು ಕೇಳುವುದಕ್ಕಲ್ಲ. ನಿನ್ನ ಬಾಯಿಂದ ಬೈಸಿಕೊಳ್ಳುವುದಕ್ಕೆ, ತಪ್ಪು ತಿದ್ದಿಸಿಕೊಳ್ಳುವುದಕ್ಕೆ. ಪೇಪರಿನಲ್ಲಿ ದೊಡ್ಡ ಪದ ಕಂಡರೆ ಇವತ್ತಿಗೂ ಬಾಯಿಬಿಟ್ಟು ಓದಿ ಪಕ್ಕಕ್ಕೆ ನೋಡುತ್ತೇನೆ. ಅಷ್ಟು ಅಭ್ಯಾಸವಾಗಿಹೋಗಿತ್ತು ನೀನು.

ನಿನ್ನ ಹತ್ತಿರ ಬರುವ ಮೊದಲು ಊರಿಗೆ ಹೇಳಬೇಕು ಎಂದುಕೊಂಡೆ. ನೀನು ಕೇಳಿದ್ದು ಅದೊಂದನ್ನೇ ತಾನೇ. ಮೊನ್ನೆ ಬೆಳಿಗ್ಗೆ ಹಾಲಿನ ಡೈರಿಗೆ ಹೋದೆ. ನಮ್ಮೂರಿನಲ್ಲಿ ಎರಡು ಬೀದಿಯೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಈಗ ಅದೊಂದೇ. ಅವ್ವನೂ ಕ್ಯಾನು ಹಿಡಿದು ನಿಂತಿದ್ದಳು. ಹೇಳಿದೆ. ಟ್ಯಾಂಕರು ನಿಂತಿದ್ದದ್ದು, ನಾನು ಕ್ಯಾಮೆರಾ ಆ ಕಡೆ ತಿರುಗದಂತೆ ಮಾಡಿದ್ದು, ನಿನಗೆ ಮಾತು ಹೇಳಿಕೊಟ್ಟದ್ದು, ತೊಂಬೆಯ ಹತ್ತಿರ ಹೇಳಿದ್ದು ಸುಳ್ಳು ಎಂಬುದು — ಎಲ್ಲಾ.

ಕೆಳಗಿನ ಬೀದಿಯವರು ತಲೆ ಎತ್ತಲಿಲ್ಲ. ಅವರಿಗೆ ಗೊತ್ತಿರುವುದನ್ನು ನಾನು ಹೊಸದಾಗಿ ಹೇಳಬೇಕಾಗಿರಲಿಲ್ಲ. ನಮ್ಮ ಬೀದಿಯ ಒಬ್ಬರು ‘ಈಗ ಯಾವ್ ಪಾರ್ಟಿ ಕಡೆಗೋದೆ ಪ್ರೇಮಮ್ಮ?’ ಎಂದು ಕೇಳಿದರು. ಇನ್ನೊಬ್ಬರು ‘ನಾವೇ ನೋಡಿದ್ವಲ್ಲವ್ವ, ನಲ್ಲೀಲಿ ನೀರು ಸುರೀತಿತ್ತು, ಅರಿಸಿನ ಕುಂಕುಮ ಇಟ್ಟಿದ್ರು’ ಎಂದರು. ಅವ್ವ ಮಾತ್ರ ಕ್ಯಾನು ಕೆಳಗಿಟ್ಟು ನನ್ನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

‘ಅವತ್ತು ಅಷ್ಟ್ ಜನದ ಮುಂದೆ ನಾನೇ ನೋಡಿದ್ದೀನಿ ಅಂದ್ಯಲ್ಲವ್ವ. ಇದ್ನ ಯಾರೋ ನಿಂಗೆ ಏಳ್ಕೊಟ್ಟವ್ರೆ ಕಣಮ್ಮಿ’ ಎಂದಳು.

ಸಾಲು ಮುಂದೆ ಸರಿಯಿತು. ಅವ್ವ ಹಾಲು ಹಾಕಿಸಿ ಮನೆಗೆ ಹೋದಳು. ನಾನು ಅಲ್ಲೇ ನಿಂತಿದ್ದೆ. ನಾನು ಹೇಳುವುದು ನಿಜವೋ ಸುಳ್ಳೋ ಎಂದು ನನ್ನ ದನಿ ಕೇಳಿಯೇ ಗುರುತು ಹಿಡಿಯಬಲ್ಲವಳು ಆ ಊರಿನಲ್ಲಿ ಒಬ್ಬಳೇ ಇದ್ದಳು. ಅವಳನ್ನು ನಾನೇ ಊರು ಬಿಡಿಸಿದೆ.

ನಾಳೆ ಬೆಳಿಗ್ಗೆ ಮತ್ತೆ ಡೈರಿಗೆ ಹೋಗುತ್ತೇನೆ.