ಅಮ್ಮನ ಮುಷ್ಟಿಯಲ್ಲಿ ಕಾರಿನ ಕೀಲಿ

ನಮ್ಮ ಮನೆಯ ಕಾರನ್ನು ಎಲ್ಲರೂ ಅಣ್ಣನ ಕಾರು ಎನ್ನುತ್ತಾರೆ. ಕೊಂಡವನು ಅವನು, ಭಾನುವಾರ ತೊಳೆಯುವವನು ಅವನು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ಎಂದು ಬಂದವರಿಗೆಲ್ಲ ಹೇಳುವವನೂ ಅವನೇ. ಓಡಿಸುವವರು ಮಾತ್ರ ಅತ್ತಿಗೆ. ದಿನಸಿ, ಗ್ಯಾಸ್ ಸಿಲಿಂಡರ್, ಮಗಳ ಶಾಲೆ, ಅಮ್ಮನ ಆಸ್ಪತ್ರೆ, ಎಲ್ಲವೂ ಆ ಕಾರಿನಲ್ಲಿ ಅತ್ತಿಗೆಯ ಕೈಯಲ್ಲೇ. ಮನೆ ಇರುವುದು ಏರಿನ ತುದಿಯಲ್ಲಿ. ಮನೆಗೆ ಬರುವುದು ಜಲ್ಲಿಕಲ್ಲಿನ ಕಡಿದಾದ ದಾರಿ; ಬಾಡಿಗೆ ಕಾರಿನವರು ಕೆಳಗಿನ ದೊಡ್ಡ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತಾರೆ, ಮೇಲೆ ಬರುವುದಿಲ್ಲ.

ಅಮ್ಮ ಅತ್ತಿಗೆಗೆ ಇಟ್ಟ ಹೆಸರು ಆನೆಕಿವಿ. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮ ಪಕ್ಕದ ಮನೆಯವರ ಹತ್ತಿರ ಪಿಸುಗುಟ್ಟಿದ ಮಾತು ಅಡುಗೆಮನೆಯವರೆಗೆ ಕೇಳಿಸಿತಂತೆ, ಅಂದಿನಿಂದ ಬಂದ ಹೆಸರು. ಹೊಗಳಿಕೆಯಲ್ಲ. ಆದರೆ ನಮ್ಮ ಮನೆ ನಡೆಯುವುದೇ ಆ ಕಿವಿಯ ಮೇಲೆ. ಹಾಲು ಉಕ್ಕುವ ಮುಂಚಿನ ಸಣ್ಣ ಸದ್ದು, ಬಚ್ಚಲಲ್ಲಿ ಯಾರೋ ಅರ್ಧ ತಿರುಗಿಸಿ ಬಂದ ನಲ್ಲಿ, ಮಿಕ್ಸಿಯ ದನಿ ಬದಲಾದದ್ದು, ಉಳಿದವರಿಗೆ ಗೊತ್ತಾಗುವ ಮೊದಲೇ ಅತ್ತಿಗೆ ಎದ್ದಿರುತ್ತಾರೆ. ಯಾಕೆ ಎದ್ದಿರಿ ಎಂದು ಯಾರೂ ಕೇಳುವುದಿಲ್ಲ. ಹಾಲು ಉಕ್ಕಲಿಲ್ಲ, ಅಷ್ಟೇ.

ಅಮ್ಮನ ಕಣ್ಣಿನ ಪೊರೆ ತೆಗೆಸಲೆಂದು ನಾನು ತವರಿಗೆ ಬಂದಿದ್ದೆ. ಕೆಮ್ಮಿನಿಂದಾಗಿ ಒಮ್ಮೆ ಮುಂದಕ್ಕೆ ಹೋಗಿದ್ದ ಆಪರೇಷನ್ ಅದು. ಹಿಂದಿನ ದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದ ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

"ಬ್ರೇಕ್ ಒತ್ತಿದ್ರೆ ಕರಕರ ಅಂತಿದೆ."

ಅಣ್ಣ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಧೂಳು ಕಣೇ. ಹೋದ ವಾರ ನಾನೇ ಚಕ್ರದ ಸಂದಿಯಿಂದ ಬಗ್ಗಿ ನೋಡಿದೀನಿ. ಬ್ರೇಕ್ ಪ್ಯಾಡ್ ದಪ್ಪ ಇದೆ."

"ಹೋದ ವಾರ ಕೀಚ್ ಅಂತಿತ್ತು. ಈಗ ಕರಕರ. ಎರಡೂ ಒಂದೇ ಅಲ್ಲಾರೀ."

"ನಿನ್ನ ಕಿವಿಗೆ ಇರುವೆ ನಡೆದ್ರೂ ಕೇಳುತ್ತೆ."

ಮುಂಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮ, "ನಾಳೆ ಹೋಗೋಕಾಗುತ್ತೋ ಇಲ್ವೋ, ಅಷ್ಟು ಹೇಳ್ರಪ್ಪ. ಈ ಸಲವೂ ತಪ್ಪಿದ್ರೆ ನಾನು ಕುರುಡಿಯಾಗೇ ಮೇಲಕ್ಕೆ ಹೋಗೋದು," ಎಂದಳು.

"ನೋಡಿ ಹೇಳ್ತೀನಿ ಅತ್ತೆ," ಎಂದರು ಅತ್ತಿಗೆ.

ಮನೆಯ ಪಕ್ಕದ ಸಿಮೆಂಟಿನ ಅಂಗಳ ಸಮತಟ್ಟಾಗಿದೆ, ಉದ್ದಕ್ಕೂ ಕಾಂಪೌಂಡ್ ಗೋಡೆ. ಅತ್ತಿಗೆ ಕಿಟಕಿ ಇಳಿಸಿ, ಗೋಡೆ ಎಡಕ್ಕೆ ಬರುವಂತೆ, ನಡಿಗೆಯ ವೇಗದಲ್ಲಿ ಕಾರು ಬಿಟ್ಟರು. ಬ್ರೇಕ್ ಒತ್ತಿದಾಗ ಗೋಡೆ ಸದ್ದನ್ನು ತಿರುಗಿ ಕೊಟ್ಟಿತು, ಬಿಟ್ಟಾಗ ಸುಮ್ಮನಾಯಿತು. ಗೋಡೆ ಬಲಕ್ಕೆ ಬರುವಂತೆ ತಿರುಗಿ ಬಂದಾಗ ಸದ್ದು ದೂರವಾಯಿತು. ಬಾನೆಟ್ ಎತ್ತಿ ಬ್ರೇಕ್ ಎಣ್ಣೆಯ ಡಬ್ಬಿ ನೋಡಿದರು. ಮಟ್ಟ ಇಳಿದಿತ್ತು; ಪ್ಯಾಡ್ ತೇಯ್ದರೆ ಹಾಗಾಗುತ್ತದಂತೆ.

"ಎಡಗಡೆ ಮುಂದಿನ ಚಕ್ರ. ಬಿಸಿ ಇದೆ, ಆರಲಿ."

ಅದು ಆರುವ ಹೊತ್ತು ಅತ್ತಿಗೆಗೆ ಬಿಡುವಿನ ಹೊತ್ತಲ್ಲ. ಕುಕ್ಕರ್ ಇಟ್ಟರು, ಬಟ್ಟೆ ನೆನೆಹಾಕಿದರು, ಅಮ್ಮನಿಗೆ ಕಣ್ಣಿನ ಹನಿ ಬಿಟ್ಟರು. ಆಮೇಲೆ ಹಳೆಯ ಚೂಡಿದಾರ್ ತೊಟ್ಟು ಹೊರಗೆ ಬಂದರು. ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಒತ್ತಿದರು. ಚಕ್ರ ನೆಲದಲ್ಲಿರುವಾಗಲೇ ಪಾನಾದ ಮೇಲೆ ಹತ್ತಿ ನಿಂತು ನಟ್ಟುಗಳನ್ನು ಸಡಿಲಿಸಿದರು. ಜಾಕಿನಿಂದ ಎತ್ತಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಕಾರನ್ನು ಕೈಯಿಂದ ತಳ್ಳಿ ನೋಡಿದರು. ಅಲುಗಲಿಲ್ಲ.

"ಜಾಕ್ ಇದೆಯಲ್ಲ, ಮತ್ತೆ ಸ್ಟ್ಯಾಂಡ್ ಯಾಕೆ?" ಎಂದೆ ನಾನು.

"ಎತ್ತೋನು ಬೇರೆ, ಹೊರೋನು ಬೇರೆ," ಎಂದರು. ಗ್ಯಾರೇಜಿನ ಯಜಮಾನರು ಹೇಳಿಕೊಟ್ಟದ್ದಂತೆ. ಬೇರೆ ಗ್ಯಾರೇಜುಗಳಲ್ಲಿ ಹೆಂಗಸರಿಗೆ ಫ್ಯಾನಿನಡಿ ಕುರ್ಚಿ ತೋರಿಸುತ್ತಾರೆ. ಇವರು ಚಕ್ರದ ಪಕ್ಕ ನಿಂತು ನೋಡಲು ಬಿಟ್ಟರು. ಅತ್ತಿಗೆ ಆ ಉಪಕಾರವನ್ನು ಇಂದಿಗೂ ನೆನೆಯುತ್ತಾರೆ.

ಅಷ್ಟರಲ್ಲಿ ಅಣ್ಣನಿಗೆ ಹುರುಪು ಬಂತು. "ಕೀಲಿ ಕೊಡೇ. ಸ್ಟಾರ್ಟ್ ಮಾಡಿ ಗೇರ್ ಹಾಕ್ತೀನಿ, ಚಕ್ರ ಗಾಳೀಲಿ ತಿರುಗುತ್ತೆ. ಸದ್ದು ಎಲ್ಲಿಂದ ಅಂತ ನೀನು ಬಗ್ಗಿ ಕೇಳು. ಹಳೇ ಕಾರಲ್ಲಿ ಹಿಂಗೇ ಮಾಡ್ತಿದ್ದೆ."

"ಹಳೇದ್ರಲ್ಲಿ ಎರಡೇ ಚಕ್ರ ಎಳೀತಿದ್ವು. ಇದ್ರಲ್ಲಿ ನೆಲದ ಮೇಲಿರೋವೂ ಎಳೀತವೆ. ಗಾಡಿ ಸ್ಟ್ಯಾಂಡಿಂದ ಹಾರಿ ಬಂದು ಬೀಳೋದು ನನ್ನ ಮೇಲೆ."

"ನಾನಿದೀನಲ್ಲ, ಸ್ಟೇರಿಂಗ್ ಹಿಡ್ಕೊಂಡು."

ಅತ್ತಿಗೆ ನೇರ ಅಮ್ಮನ ಬಳಿ ಹೋಗಿ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಅತ್ತೆ, ನಾನೇ ಬಂದು ಕೇಳೋವರೆಗೂ ಯಾರಿಗೂ ಕೊಡ್ಬೇಡಿ."

ಅಣ್ಣ ಹಿಂದೆಯೇ ಬಂದ. "ಅಮ್ಮಾ, ಕೊಡಿಲ್ಲಿ."

"ಯಾರಪ್ಪ ನೀನು? ನಂಗೆ ಕಣ್ಣು ಕಾಣ್ಸಲ್ಲ."

"ನಿನ್ನ ಮಗ ಕಣಮ್ಮ."

"ಮಗನ ಗುರುತು ಆಪರೇಷನ್ ಆದ್ಮೇಲೆ ಸಿಗುತ್ತೆ. ಇವತ್ತು ಅವಳ ದನಿ ಒಂದೇ ಗೊತ್ತು ನಂಗೆ."

ಇಷ್ಟು ವರ್ಷಗಳಲ್ಲಿ ಅಮ್ಮ ಸೊಸೆಯ ಕಡೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತಿಗೆ ಬಾಯಿಗೆ ಮಾಸ್ಕ್ ಹಾಕಿ ಚಕ್ರ ಬಿಚ್ಚಿದರು. ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರು. ಟಾರ್ಚ್ ಬಿಟ್ಟಾಗ ಹೊರಗಿನ ಪ್ಯಾಡ್ ನಿಜಕ್ಕೂ ದಪ್ಪವಿತ್ತು.

"ನೋಡಿದ್ಯಾ?" ಎಂದ ಅಣ್ಣ.

ಅತ್ತಿಗೆ ನನ್ನ ಬ್ಯಾಗಿನ ಪುಟ್ಟ ಕನ್ನಡಿ ಇಸಿದುಕೊಂಡು, ಪ್ಯಾಡ್‌ಗಳು ಎರಡೂ ಕಡೆಯಿಂದ ಒತ್ತುವ ಡಿಸ್ಕಿನ ಹಿಂದೆ ಹಿಡಿದರು. ಒಳಗಿನ ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ. ಬರೀ ಕಬ್ಬಿಣದ ತಗಡು ಡಿಸ್ಕನ್ನು ಕೊರೆದು ಗೀರು ಬೀಳಿಸಿತ್ತು.

"ಹೊರಗಿಂದ ನೋಡಿದ್ರೆ ಚೆನ್ನಾಗೇ ಇದೆ ರೀ. ತೇಯ್ದಿರೋದು ಒಳಗಡೇದು." ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಕುಕ್ಕರ್ ಕೊನೇ ಸೀಟಿ ಕೂಗ್ತು, ಒಲೆ ಆರಿಸಮ್ಮ," ಎಂದರು. ನನಗೆ ಒಂದು ಸೀಟಿಯೂ ಕೇಳಿಸಿರಲಿಲ್ಲ.

ಮುಂದಕ್ಕೆ ಅವರು ಕೈ ಹಾಕಲಿಲ್ಲ. "ಏನಾಗಿದೆ ಅಂತ ನೋಡೋವರೆಗೆ ನಾನು. ಬ್ರೇಕ್ ಬಿಚ್ಚೋರು ಅವರು," ಎಂದು ಫೋಟೋ ತೆಗೆದು ಗ್ಯಾರೇಜಿಗೆ ಕಳಿಸಿದರು. ಯಜಮಾನರು ತಕ್ಷಣ ಫೋನ್ ಮಾಡಿದರು. "ಅಮ್ಮಾ, ಆ ಗಾಡೀನ ಇಳಿಜಾರಿಗೆ ಇಳಿಸ್ಲೇಬೇಡಿ. ಪ್ಯಾಡ್ ಸರಿಯೋಕೆ ಇರೋ ಪಿನ್ ಒಳಗೆ ಜಾಮ್ ಆಗಿರ್ಬೇಕು, ಒಂದೇ ಕಡೆ ತೇಯ್ದಿದೆ. ಡಿಸ್ಕ್ ಬೇರೆ ಹಾಕ್ಬೇಕು. ಸಾಮಾನು ತರಿಸಿ ನಾನೇ ಮೇಲೆ ಬರ್ತೀನಿ."

ಅತ್ತಿಗೆ ಚಕ್ರ ಕೂಡಿಸಿ, ಕಾರು ಇಳಿಸಿ, ನಟ್ಟುಗಳನ್ನು ಬಿಗಿದ ಮೇಲೆ ಅಮ್ಮನ ಬಳಿ ಬಂದರು. ಅಮ್ಮ ಮುಷ್ಟಿ ಬಿಡಿಸಿದಳು. ಕೀಲಿಯ ಹಲ್ಲು ಅಂಗೈಯಲ್ಲಿ ಅಚ್ಚೊತ್ತಿತ್ತು.

"ಕಾರು ಬರಲ್ಲ ಅತ್ತೆ. ನೀವು ಹೋಗ್ತೀರಿ."

ಮರುದಿನ ನಾವು ನಡೆದೇ ಇಳಿದೆವು. ಅಮ್ಮನಿಗೆ ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ನಾನು. ತಿರುವುಗಳಲ್ಲಿ ಅವಳನ್ನು ಕೂರಿಸಲು ಅಣ್ಣ ಪ್ಲಾಸ್ಟಿಕ್ ಕುರ್ಚಿಯನ್ನು ತಲೆ ಮೇಲೆ ಹೊತ್ತು ಹಿಂದೆ ಬಂದ. ಪಕ್ಕದ ಮನೆಯವರು ಗೇಟಿನಿಂದ, "ಸಿಂಹಾಸನ ಎಲ್ಲಿಗೆ ಹೊರಟಿತು?" ಎಂದರು. "ರಾಣಿಯವರು ಮುಂದೆ ಹೋಗ್ತಿದಾರೆ," ಎಂದ ಅಣ್ಣ.

ಅತಿ ಕಡಿದಾದ ತಿರುವಿನಲ್ಲಿ ಕುರ್ಚಿ ಇಳಿಸಿ ಅವನು ಕೆಳಗೆ ನೋಡಿದ. ತಡೆಗೋಡೆ ಇಲ್ಲದ ಜಾಗ.

"ಇಲ್ಲಿ ಪೂರ್ತಿ ಬ್ರೇಕ್ ಮೇಲೇ ಇಳಿಸ್ತೀಯ, ಅಲ್ವಾ?"

"ಹೂಂ. ದಿನಾ."

ಅಣ್ಣ ಅತ್ತಿಗೆಯ ಹೆಗಲಿನಿಂದ ಆಸ್ಪತ್ರೆಯ ಚೀಲವನ್ನೂ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಕೆಳಗೆ ರಸ್ತೆಯಲ್ಲಿ, ಅತ್ತಿಗೆ ಮೊದಲೇ ಹೇಳಿಟ್ಟಿದ್ದ ಬಾಡಿಗೆ ಕಾರು ಹಾರ್ನ್ ಹೊಡೆಯುತ್ತಿತ್ತು.

ಆಪರೇಷನ್ ಸಲೀಸಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅಮ್ಮನ ಎದುರಿಗಿದ್ದವರು ಅತ್ತಿಗೆ.

"ಇಷ್ಟು ಬಿಳಿಕೂದ್ಲು ಯಾವಾಗ ಬಂತೇ ನಿಂಗೆ?"

"ನೀವು ನೋಡ್ದೆ ಇದ್ದಾಗ ಅತ್ತೆ."

ಅಣ್ಣ ಮುಂದೆ ಬಗ್ಗಿದ. "ಈಗ ಹೇಳಮ್ಮ, ನಾನ್ಯಾರು?"

"ಕುರ್ಚಿ ಹೊರೋನು," ಎಂದಳು ಅಮ್ಮ, ಕಣ್ಣು ಸೊಸೆಯ ಕೈ ಮೇಲೇ ಇತ್ತು. ಉಗುರಿನ ಸಂದಿಯಲ್ಲಿ ಬ್ರೇಕಿನ ಕಪ್ಪು ಇನ್ನೂ ಹೋಗಿರಲಿಲ್ಲ. ಅಮ್ಮ ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

ಮನೆಗೆ ಹೊರಟಾಗ ನಾನು ಕೈ ಚಾಚಿದೆ, ಅಣ್ಣನೂ ಚಾಚಿದ. ಅಮ್ಮ ನಮ್ಮಿಬ್ಬರನ್ನೂ ಬಿಟ್ಟು ಹಿಂದೆ ತಿರುಗಿದಳು.

"ಆನೆಕಿವೀ, ಎಲ್ಲಿದೀಯೇ? ಬಾ, ಕೈ ಕೊಡು."