ಹೊಳೆ ಕಿಟಕಿಯ ಕಡೆಗಿತ್ತು

ಉಕ್ಕಿ ಒಲೆಗೆ ಚೆಲ್ಲಿದ ಕಾಫಿಯ ಸುಟ್ಟ ವಾಸನೆ ಎಲ್ಲಿಂದ ತೇಲಿಬಂದರೂ ಸರಿ, ಲಂಡನ್ನಿನ ವೆಂಬ್ಲಿಯಲ್ಲಿದ್ದ ನಮ್ಮ ಹಳೇ ಬಿಲ್ಡಿಂಗಿನ ಪಕ್ಕದ ಫ್ಲಾಟು ಕಣ್ಮುಂದೆ ನಿಲ್ಲುತ್ತದೆ. ಅಮ್ಮ ಕೆಲಸದಿಂದ ಬರುವ ತನಕ ನನ್ನನ್ನು ನೋಡಿಕೊಳ್ಳುತ್ತಿದ್ದವರು ಅಲ್ಲಿದ್ದ ಎನ್ವರ್ ತಾತ. ಬೋಸ್ನಿಯಾದ ಬೆಟ್ಟದೂರಿನವರು, ಯುದ್ಧದಲ್ಲಿ ಮನೆ ಬಿಟ್ಟು ಬಂದವರು. ಪುಟ್ಟ ತಾಮ್ರದ ಪಾತ್ರೆಯಲ್ಲಿ ಕಾಫಿ ಕಾಯಿಸಿ, ಸಕ್ಕರೆಯ ಚೌಕ ತುಂಡಿನ ತುದಿಯನ್ನು ಅದರಲ್ಲಿ ಅದ್ದಿ ನನ್ನ ಬಾಯಿಗಿಟ್ಟು, ಆಮೇಲೆ ತಮ್ಮ ಊರನ್ನು ಮೇಜಿನ ಮೇಲೆ ಕಟ್ಟುತ್ತಿದ್ದರು. ದುಂಡು ಬ್ರೆಡ್ಡೇ ಬೆಟ್ಟ. ನೆತ್ತಿಯ ಮೇಲೆ ಬೆಂಕಿಪೊಟ್ಟಣ, ಅದು ಯಾವನೋ ಹಳೇ ದೊರೆಯ ಕೋಟೆ. ಬುಡದಲ್ಲಿ ನಾಲ್ಕು ಸಕ್ಕರೆ ತುಂಡು, ಸಮಾಧಿಯ ಕಲ್ಲುಗಳು. ಒಂದರ ಮೇಲೆ ಕೈಯೆತ್ತಿ ನಿಂತ ಮನುಷ್ಯನನ್ನು ಕೆತ್ತಿದ್ದರಂತೆ. ಬೆಟ್ಟದ ಈಚೆ, ಕಿಟಕಿಯ ಕಡೆಗೆ, ನೀಲಿ ಟವೆಲ್ಲಿನ ಹೊಳೆ. ಕರಾವಳಿಯಿಂದ ಉಪ್ಪು ಹೊತ್ತು ಬಂದ ಹೇಸರಗತ್ತೆಗಳ ಸಾಲು, ಕಣಿವೆಯ ದಾರಿಯನ್ನು ಹಿಮ ಮುಚ್ಚಿದಾಗ ಈ ಹೊಳೆಯ ದಡದಲ್ಲೇ ತಂಗಿತಂತೆ. ಹಿಮ ಕರಗಿದ ಮೇಲೂ ಕೆಲವರು ಹೊರಡಲಿಲ್ಲ. ಊರು ಹುಟ್ಟಿದ್ದು ಹಾಗೆ. ಸೇತುವೆ, ಮಸೀದಿ, ಸಂತೆ ಎಲ್ಲ ಆಮೇಲಿನ ಮಾತು.

ನಾನು ಹುಟ್ಟಾ ಅಣಕುಗಾರ. ನನ್ನ ಕನ್ನಡ ಕೇಳಿದರೆ ಅಮ್ಮನೇ "ಇದು ಯಾರ ಅಣಕು?" ಎನ್ನುತ್ತಿದ್ದಳು. ಇಲ್ಲದ ಮೀಸೆ ತೀಡಿಕೊಂಡು, ತಾತನ ಗೊಗ್ಗರು ದನಿಯಲ್ಲಿ "ಪೋಲಾಕೊ, ಪೋಲಾಕೊ" ಎಂದು, ಅಂದರೆ ನಿಧಾನ, ನಿಧಾನ ಎಂದು, ಇಡೀ ಚರಿತ್ರೆ ಒಪ್ಪಿಸುತ್ತಿದ್ದೆ. ಬೇಕೆಂದೇ ಹೊಳೆಯನ್ನು ಬಾಗಿಲ ಕಡೆಗೆ ಎಳೆದುಬಿಡುತ್ತಿದ್ದೆ. ತಾತ ಮೇಜು ಗುದ್ದುವರು. "ಲೋ ಕತ್ತೆ! ಹೊಳೆ ಆ ಕಡೆ ಹೋದ್ರೆ ನಮ್ಮಮ್ಮ ಬಟ್ಟೆ ಒಗೆಯೋಕೆ ಬೆಟ್ಟ ಹತ್ತಿ ಇಳೀಬೇಕಿತ್ತಾ?"

"ದೊಡ್ಡೋರನ್ನ ಅಣಕಿಸ್ಬಾರ್ದು ಕಣೋ, ನಾಲಿಗೆ ಸೊಟ್ಟಗಾಗತ್ತೆ," ಎಂದು ಅಮ್ಮ ಗದರುವಳು. ತಾತನಿಗೆ ಕನ್ನಡ ಬಾರದಿದ್ದರೂ ಬೈಗುಳ ತಿಳಿಯುತ್ತಿತ್ತು. ಮುರುಕು ಇಂಗ್ಲಿಷಿನಲ್ಲಿ ಅಡ್ಡ ಬರುವರು: "ಬಿಡಮ್ಮ, ಮಾಡ್ಲಿ. ನನ್ನ ಹಾಗೆ ಮಾತಾಡೋನು ಲಂಡನ್ನಲ್ಲಿ ಇವನೊಬ್ಬನೇ."

ನನಗೆ ಹನ್ನೊಂದಾಗುವ ಹೊತ್ತಿಗೆ ತಾತ ಒಂದೊಂದೇ ಮರೆಯತೊಡಗಿದರು. ಮೊದಲು ನನ್ನ ಹೆಸರು, ಆಮೇಲೆ ಒಲೆ ಆರಿಸುವುದು. ಕಾಫಿ ಉಕ್ಕಿ ಚೆಲ್ಲುತ್ತಿದ್ದದ್ದು ಆಗಲೇ. ಒಂದು ಸಂಜೆ ಅವರನ್ನು ನಗಿಸೋಣವೆಂದು ನಾನೇ ಬ್ರೆಡ್ಡು, ಬೆಂಕಿಪೊಟ್ಟಣ ಇಟ್ಟು, ಹೊಳೆಯನ್ನು ಎಂದಿನಂತೆ ಬಾಗಿಲ ಕಡೆಗೆ ಹಾಕಿ ಕಾದೆ. ತಾತ ಮೇಜು ಗುದ್ದಲಿಲ್ಲ. ಟವೆಲ್ಲನ್ನು ಮೆಲ್ಲಗೆ ಸವರಿ, "ಚೆಂದದ ಊರು. ನೀನು ಅಲ್ಲಿಯವನಾ?" ಎಂದರು. ನಾನು ಗಡಬಡಿಸಿ ಹೊಳೆಯನ್ನು ಕಿಟಕಿಯ ಕಡೆಗೆ ತಂದು, ಅವರದೇ ದನಿಯಲ್ಲಿ ಉಪ್ಪಿನ ಕತ್ತೆಗಳಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಮೊದಲ ಸಲ ಒಂದೂ ತಪ್ಪಿಲ್ಲದೆ. ಅವರು ಯಾರದೋ ಕತೆಯನ್ನು ಕೇಳಿದ ಹಾಗೆ ಕೇಳಿದರು.

ತಾತ ಈಗಿಲ್ಲ. ಆ ಬಿಲ್ಡಿಂಗನ್ನೂ ಕೆಡವಿ, ಸ್ವಲ್ಪ ಹಿಂದಕ್ಕೆ ಹೊಸ ಫ್ಲಾಟುಗಳನ್ನು ಎಬ್ಬಿಸಿದ್ದಾರೆ; ಆ ಕಿಟಕಿ ಇದ್ದ ಜಾಗದಲ್ಲಿ ಈಗ ಬರೀ ಗಾಳಿ. ಎಜ್‌ವೇರಿನ ನನ್ನ ಅಡುಗೆಮನೆಯಲ್ಲಿ ಕಾಫಿ ಉಕ್ಕಿದ ದಿನ ಮೇಜಿನ ಮೇಲೆ ಬ್ರೆಡ್ಡಿಟ್ಟು, ಬೇಕೆಂದೇ ಹೊಳೆಯನ್ನು ಬಾಗಿಲ ಕಡೆಗೆ ಎಳೆಯುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ನಾನೇ ಎದ್ದು ಅದನ್ನು ಅದರ ಜಾಗಕ್ಕೆ ಸರಿಸುತ್ತೇನೆ.