ನಕ್ಷತ್ರದ ಟಪಾಲಿನ ಏಳು ಕ್ಯಾಸೆಟ್‌ಗಳು

೧೯೮೭ರ ಏಪ್ರಿಲ್ ಇಪ್ಪತ್ತಾರು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ರೇಡಿಯೋ ರಿಪೇರಿ ಅಂಗಡಿಯ ಮರುಳಪ್ಪ ಏಳು ವಿಡಿಯೋ ಕ್ಯಾಸೆಟ್‌ಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ಅಲುಗಾಡದಂತೆ ಸಂದಿಗಳಿಗೆ ಹಳೇ ಪಂಚೆಯ ಚೂರು ತುರುಕುತ್ತಿದ್ದ. ಹನ್ನೊಂದೂವರೆಗೆ ಜಗಳೂರಿನ ಬಸ್ಸು. ಹೆಂಡತಿ ಕಸ್ತೂರಮ್ಮ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು.

“ಅದನ್ನ ತೊಡೆ ಮೇಲೆ ಇಟ್ಕಂಡು ಹೋಗ್ರಿ,” ಎಂದಳು.

“ನಾಕು ತಾಸು ತೊಡೆ ಮೇಲೆ ಇಟ್ಕಣಾಕೆ ಅದೇನು ಕೂಸಾ?”

“ಕೂಸಿಗಿಂತ ಒಂದೇ ತಿಂಗಳು ಕಡಿಮೆ. ಎಂಟು ತಿಂಗಳು ಹೊತ್ತೀವಿ.”

ಮರುಳಪ್ಪ ನಕ್ಕ. ಪೆಟ್ಟಿಗೆಯ ಮುಚ್ಚಳಕ್ಕೆ ನಾಲ್ಕು ಮೊಳೆ ಹೊಡೆದು, ಮೇಲೆ ಕರಿ ಕಂಬಳಿ ಸುತ್ತಿ, ಹುರಿಯಿಂದ ಬಿಗಿದ.

ಆ ಏಳು ಕ್ಯಾಸೆಟ್‌ಗಳಲ್ಲಿದ್ದದ್ದು ಒಂದು ಪರದೇಶದ ಸರಣಿ. ಅಲ್ಲಿ ಎಂದೋ ಕಪ್ಪು ಬಿಳುಪಿನಲ್ಲಿ ತೆಗೆದದ್ದು, ಹಿಂದಿನ ವರ್ಷ ಜನವರಿಯಿಂದ ಜೂನ್‌ವರೆಗೆ ಇಪ್ಪತ್ತಾರು ಭಾನುವಾರ ಟೀವಿಯಲ್ಲಿ ಬಂದಿತ್ತು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಕಾಗದ ಒಯ್ಯುವ ಅಂಚೆ ಹಡಗಿನ ಕತೆ. ಹಡಗಿನಲ್ಲಿ ಒಬ್ಬ ಕ್ಯಾಪ್ಟನ್, ಒಬ್ಬ ಮುದಿ ಇಂಜಿನಿಯರ್, ಒಬ್ಬ ವೈದ್ಯೆ, ಮಾತನಾಡುವ ಒಂದು ಯಂತ್ರ. ದಾರಿ ಎಷ್ಟು ದೂರವೆಂದರೆ ಮಗ ಬರೆದ ಕಾಗದ ತಲುಪುವಷ್ಟರಲ್ಲಿ ತಾಯಿ ಸತ್ತು ಮೊಮ್ಮಗಳು ಮುದುಕಿಯಾಗಿರುತ್ತಾಳೆ. ಆ ಕಾಗದವನ್ನು ಯಾರಿಗೆ ಕೊಡಬೇಕು ಎಂಬುದೇ ಪ್ರತಿವಾರದ ತೊಡಕು.

ಮರುಳಪ್ಪ ಟೀವಿಯನ್ನು ಬೀದಿಗೆ ಮುಖ ಮಾಡಿ ಇಡುತ್ತಿದ್ದ. ಮೂವತ್ತು ನಲವತ್ತು ಜನ ನಿಂತು ನೋಡುತ್ತಿದ್ದರು. ಮಾತೆಲ್ಲ ಇಂಗ್ಲಿಷ್. ಎದುರಿಗೆ ಹೂವು ಮಾರುವ ಕರಿಯಕ್ಕ ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು: “ಆ ಯಮ್ಮ ಏನಂದ್ಲಪ್ಪ ಮರುಳಪ್ಪ? ಯಾಕೆ ಅಳ್ತಾಳೆ?” ಮರುಳಪ್ಪ ಪಿಯುಸಿಯಲ್ಲಿ ರಸಾಯನಶಾಸ್ತ್ರ ಹೋಗಿ ಓದು ಬಿಟ್ಟವನು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ಊಹಿಸಿ ಹೇಳುತ್ತಿದ್ದ. ನಾಲ್ಕನೇ ವಾರದ ಹೊತ್ತಿಗೆ ಜನ ಟೀವಿ ಬಿಟ್ಟು ಅವನ ಬಾಯಿ ನೋಡತೊಡಗಿದರು. ನಲವತ್ತೊಂದು ವರ್ಷದ ಬಾಳಿನಲ್ಲಿ ಅವನನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಅವನ ಬಳಿ ಒಂದು ಹಳೇ ವಿಸಿಆರ್ ಇತ್ತು. ಮೊದಲ ವಾರದಿಂದಲೇ ಪ್ರತಿ ಕಂತನ್ನೂ ಇಳಿಸಿಕೊಂಡಿದ್ದ. ಒಂದು ಕಂತು ನಲವತ್ತೈದು ನಿಮಿಷ, ಒಂದು ಕ್ಯಾಸೆಟ್ಟಿಗೆ ನಾಲ್ಕು ಕಂತು. ಆ ಯಂತ್ರದಲ್ಲಿ ಚಿತ್ರ ಹಾಗೇ ಉಳಿಸಿ ದನಿಯನ್ನು ಮಾತ್ರ ಹೊಸದಾಗಿ ತುಂಬುವ ಒಂದು ಗುಂಡಿಯಿತ್ತು. ಇಡೀ ಸರಣಿಯನ್ನು ಕನ್ನಡದಲ್ಲಿ ತುಂಬಿಸಿ, ‘ನಕ್ಷತ್ರದ ಟಪಾಲು’ ಎಂದು ಹೆಸರಿಟ್ಟು, ಬೇಸಿಗೆ ರಜೆಯಲ್ಲಿ ನಾಲ್ಕು ಊರಿನಲ್ಲಿ ಒಂದೇ ದಿನ ಬಿಡುಗಡೆ ಮಾಡುವುದು ಅವನ ಯೋಚನೆ. ಚನ್ನಗಿರಿಯಲ್ಲಿ ತಾನು; ಹೊನ್ನಾಳಿಯಲ್ಲಿ ವಿಡಿಯೋ ಲೈಬ್ರರಿಯ ಚಿತ್ತಪ್ಪ; ನ್ಯಾಮತಿಯಲ್ಲಿ ಹಿಂದಿನ ಕೋಣೆಯಲ್ಲಿ ವಿಡಿಯೋ ಹಾಕುವ ಒಂದು ಹೋಟೆಲು; ಜಗಳೂರಿನಲ್ಲಿ ಅವನ ಷಡ್ಡಕ ರೇವಣ್ಣ. ಮೇ ಹತ್ತು ಎಂದು ದಿನ ಗೊತ್ತಾಯಿತು. ಇದಕ್ಕೆ ಯಾರದಾದರೂ ಅಪ್ಪಣೆ ಬೇಕೇ ಎಂಬ ಪ್ರಶ್ನೆ ಆ ಕಾಲಕ್ಕೆ ಆ ನಾಲ್ಕು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೆಲಸ ಸೆಪ್ಟೆಂಬರ್ ಒಂದರಂದು ಶುರುವಾಯಿತು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಗಿರಣಿಯವರು ಊಟಕ್ಕೆಂದು ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಯಂತ್ರ ನಿಲ್ಲಿಸುತ್ತಿದ್ದರು. ದಿನಕ್ಕೆ ಸಿಗುತ್ತಿದ್ದದ್ದು ಆ ತೊಂಬತ್ತು ನಿಮಿಷ ಮಾತ್ರ. ಅಷ್ಟರಲ್ಲಿ ಕರೆಂಟು ಹೋಗಬಾರದು, ನಾಯಿ ಬೊಗಳಬಾರದು, ಬಸ್ಸು ಹಾರನ್ ಹೊಡೆಯಬಾರದು. ಒಂದು ಕಂತಿಗೆ ಒಂಬತ್ತು ದಿನ ಹಿಡಿಯುತ್ತಿತ್ತು. ಗಂಡಸರ ಮಾತೆಲ್ಲ ಮರುಳಪ್ಪನದು. ವೈದ್ಯೆಯ ದನಿ ಕಸ್ತೂರಮ್ಮನದು. ಯಂತ್ರದ ದನಿಯೂ ಅವಳದೇ; ಹಿತ್ತಾಳೆ ಕೊಡದೊಳಗೆ ಬಾಯಿಟ್ಟು ಮಾತಾಡುತ್ತಿದ್ದಳು.

ಕೆರೆಬಿಳಚಿಯಲ್ಲಿ ಹುಟ್ಟಿ ಏಳನೇ ಇಯತ್ತೆಗೆ ಶಾಲೆ ಬಿಟ್ಟ ಕಸ್ತೂರಮ್ಮ, ಗಂಡ ಬರೆದುಕೊಟ್ಟ ಮಾತನ್ನು ಹಾಗೇ ಓದುವವಳಲ್ಲ.

“‘ನಿಮ್ಮ ತಾಯಿಯವರು ನಿಧನ ಹೊಂದಿದ್ದಾರೆ’ ಅಂತ ಯಾರು ಅಂತಾರ್ರಿ? ಪೇಪರ್ ಓದಿದಂಗೈತೆ.”

“ಮತ್ತೆ ಹೆಂಗನ್ನಬೇಕು?”

“‘ನಿಮ್ಮವ್ವ ಇಲ್ಲ ಕಣವ್ವ’ ಅನ್ನಬೇಕು.”

ಹಾಗೇ ತುಂಬಿಸಿದರು. ಗಾಜಿನ ಟೋಪಿ ಹಾಕಿಕೊಂಡ ಬಿಳಿ ಹೆಂಗಸು ‘ಇಲ್ಲ ಕಣವ್ವ’ ಎಂದದ್ದನ್ನು ಇಬ್ಬರೂ ತಿರುಗಿ ಹಾಕಿ ಕೇಳಿದರು. ಅದು ಸರಿಯಾಗಿತ್ತು. ಏಪ್ರಿಲ್ ಇಪ್ಪತ್ತೆರಡರಂದು ಇಪ್ಪತ್ತಾರನೆಯ ಕಂತು ಮುಗಿಯಿತು.

ಪ್ರತಿ ಮಾಡಲು ಎರಡು ವಿಸಿಆರ್ ಬೇಕು. ಎರಡಿದ್ದದ್ದು ರೇವಣ್ಣನ ಬಳಿ ಮಾತ್ರ. ಹಾಗಾಗಿ ಮೂಲ ಕ್ಯಾಸೆಟ್‌ಗಳೇ ಜಗಳೂರಿಗೆ ಹೊರಟಿದ್ದವು. ದನಿ ತುಂಬುವಾಗ ಹಳೇ ಇಂಗ್ಲಿಷ್ ಅಳಿಸಿಹೋಗಿತ್ತು. ಈ ಭೂಮಿಯ ಮೇಲೆ ‘ನಕ್ಷತ್ರದ ಟಪಾಲು’ ಇದ್ದದ್ದು ಆ ಒಂದು ಪೆಟ್ಟಿಗೆಯಲ್ಲಿ.

ಬಸ್ಸು ಹತ್ತಿದ ಕೂಡಲೇ ಮರುಳಪ್ಪ ಮೇಲೆ ನೋಡಿದ. ಖಾಸಗಿ ಬಸ್ಸು, ಹಾಡಿನ ವ್ಯವಸ್ಥೆಯಿತ್ತು. ಸೀಟುಗಳ ಮೇಲೆ ಎರಡೂ ಬದಿಗೆ ಮೂರು ಮೂರು ಸ್ಪೀಕರ್. ಪ್ರತಿ ಸ್ಪೀಕರಿನ ಬೆನ್ನಿಗೂ ಒಂದು ಅಯಸ್ಕಾಂತ. ಟೇಪಿನ ಹತ್ತಿರ ಅಯಸ್ಕಾಂತ ಬಂದರೆ ಏನಾಗುತ್ತದೆ ಎಂಬುದನ್ನು ಅವನು ಗಿರಾಕಿಗಳಿಗೆ ಹದಿನೈದು ವರ್ಷದಿಂದ ಹೇಳುತ್ತ ಬಂದವನು. ತೊಡೆಯ ಮೇಲಿಟ್ಟುಕೊಂಡರೆ ಸ್ಪೀಕರಿಗೂ ಪೆಟ್ಟಿಗೆಗೂ ಎರಡೂವರೆ ಅಡಿ. ಸಾಲದು. ಮುಂದಕ್ಕೆ ಬಂದ. ಡ್ರೈವರಿನ ಪಕ್ಕ, ಇಂಜಿನಿನ ಮೇಲಿನ ಅಗಲ ಬಾನೆಟ್ಟಿನ ಹತ್ತಿರ ಒಂದೂ ಸ್ಪೀಕರಿರಲಿಲ್ಲ.

ಬಾನೆಟ್ಟೆಂದರೆ ಆ ಬಸ್ಸುಗಳಲ್ಲಿ ಮರ್ಯಾದೆಯ ಜಾಗ. ಮದುವೆಯ ಬಾಸಿಂಗದ ಪೆಟ್ಟಿಗೆ, ಟಾಕೀಸಿಗೆ ಹೋಗುವ ರೀಲಿನ ಡಬ್ಬ, ಪೇಪರಿನ ಕಟ್ಟು, ಎಲ್ಲವೂ ಅಲ್ಲೇ ಕೂತು ಊರೂರು ತಿರುಗುತ್ತಿದ್ದವು. ಡ್ರೈವರ್ ಧರ್ಮಪ್ಪ ತಾನೇ ಪೇಪರಿನ ಕಟ್ಟು ಸರಿಸಿ ಜಾಗ ಮಾಡಿದ.

“ಇಲ್ಲಿಡ್ರಿ ಮರುಳಪ್ಪ. ಏನೈತ್ರಿ ಅದ್ರಾಗೆ?”

“ಸಿನಿಮಾ ಇದ್ದಂಗೆ. ನಾವೇ ಮಾಡಿದ್ದು.”

“ಹಂಗಾದ್ರೆ ದೇವ್ರು ಕೂರಿಸ್ಕಂಡು ಹೋದಂಗೆ ಹೋಗ್ತೀನಿ ಬಿಡ್ರಿ. ಒಂದು ಗುಂಡಿಗೂ ಇಳಿಸಲ್ಲ.”

ಧರ್ಮಪ್ಪ ಮಾತಿಗೆ ತಪ್ಪಲಿಲ್ಲ. ಸಂತೇಬೆನ್ನೂರಿನ ರಸ್ತೆಯ ಗುಂಡಿಗಳನ್ನೆಲ್ಲ ಸುತ್ತು ಹಾಕಿ ತಪ್ಪಿಸಿದ. ಮರುಳಪ್ಪ ಮೂರನೇ ಸಾಲಿನಲ್ಲಿ ಕೂತು, ಕಂಬಳಿ ಸುತ್ತಿದ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ನೋಡುತ್ತಿದ್ದ. ದಾವಣಗೆರೆಯಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಅವನು ಇಳಿದು ಟೀ ಕೂಡ ಕುಡಿಯಲಿಲ್ಲ.

ಜಗಳೂರಿನಲ್ಲಿ ಪೆಟ್ಟಿಗೆ ಎತ್ತಿಕೊಂಡಾಗ ಕಂಬಳಿ ಬಿಸಿಯಾಗಿತ್ತು. ಏಪ್ರಿಲ್ ಬಿಸಿಲು ಎಂದುಕೊಂಡ. ರೇವಣ್ಣನ ಅಂಗಡಿಯಲ್ಲಿ ಮೊಳೆ ಕಿತ್ತು ಕೈಗೆ ಸಿಕ್ಕ ಒಂದು ಕ್ಯಾಸೆಟ್ ಹೊರತೆಗೆದಾಗ ಅದರ ಪ್ಲಾಸ್ಟಿಕ್ ಬೆನ್ನು ತುಸು ಬಾಗಿದ್ದು ಬೆರಳಿಗೆ ತಿಳಿಯಿತು. ಯಂತ್ರಕ್ಕೆ ಹಾಕಿದ.

ಚಿತ್ರ ಬಂತು, ಕುಣಿಯಿತು, ಮೇಲಕ್ಕೆ ಉರುಳಿತು, ಮತ್ತೆ ಬಂತು. ಕ್ಯಾಪ್ಟನ್ ಬಾಯಿ ಆಡಿಸುತ್ತಿದ್ದ. ದನಿಯಿರಲಿಲ್ಲ.

“ವಾಲ್ಯೂಮ್ ಇಟ್ಟಿಲ್ಲೇನು ಮರುಳಣ್ಣ?” ಎಂದ ರೇವಣ್ಣ.

“ಇಟ್ಟೀನಿ.”

“ಪೂರ್ತಿ ತಿರುವು.”

“ಪೂರ್ತಿ ಐತೆ ರೇವಣ್ಣ.”

ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಟೇಪನ್ನು ಬೆಳಕಿಗೆ ಹಿಡಿದ. ಕಾದು ಹಿಗ್ಗಿ, ಅದರ ಎರಡೂ ಅಂಚು ಸೀರೆಯ ನೆರಿಗೆಯಂತೆ ಮಡಚಿಕೊಂಡಿದ್ದವು. ಚಿತ್ರ ಇರುವುದು ಟೇಪಿನ ನಡುವೆ. ದನಿ ಇರುವುದು ಮೇಲಂಚಿನಲ್ಲಿ, ಒಂದು ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ. ನೆರಿಗೆ ಬಿದ್ದ ಆ ಪಟ್ಟಿಯನ್ನು ಯಾವ ಯಂತ್ರವೂ ಓದದು. ಏಳನ್ನೂ ಒಂದೊಂದಾಗಿ ಹಾಕಿ ನೋಡಿದ. ಐದರಲ್ಲಿ ಚಿತ್ರವೂ ನಿಲ್ಲಲಿಲ್ಲ. ಎರಡರಲ್ಲಿ ಚಿತ್ರವಿತ್ತು, ಮಾತಿರಲಿಲ್ಲ. ಕನ್ನಡವೂ ಇಲ್ಲ, ಹಳೇ ಇಂಗ್ಲಿಷೂ ಇಲ್ಲ.

ಅಯಸ್ಕಾಂತ ಒಂದನ್ನೇ ಲೆಕ್ಕ ಹಾಕಿದ್ದ. ಬಾನೆಟ್ಟಿನ ಕೆಳಗಿನ ಇಂಜಿನಿನ ಬಿಸಿಯನ್ನು ಹಾಕಿರಲಿಲ್ಲ; ಟೇಪು ತಡೆಯುವುದು ಐವತ್ತು ಡಿಗ್ರಿವರೆಗೆ ಮಾತ್ರ. ಸಾಲದ್ದಕ್ಕೆ, ಒಳಗಿನ ಬಿಸಿ ಹೊರಗೆ ಹೋಗದಂತೆ ಕಂಬಳಿ ಸುತ್ತಿದ್ದ.

“ಹೋಗ್ಲಿ ಬಿಡಣ್ಣ,” ಎಂದ ರೇವಣ್ಣ, ಒಳ್ಳೆಯ ಮನಸ್ಸಿನಿಂದಲೇ. “ಜನಕ್ಕೆ ಏನು, ಒಂದು ಫೈಟಿಂಗ್ ಪಿಚ್ಚರ್ ಹಾಕಿದ್ರೂ ನೋಡ್ತಾರೆ.”

ಮರುದಿನ ಮನೆಗೆ ಬಂದು ಮರುಳಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿದ. ಬಾನೆಟ್ಟಿನ ಮಾತನ್ನೂ ಮುಚ್ಚಿಡಲಿಲ್ಲ. ಕಸ್ತೂರಮ್ಮ ಅಕ್ಕಿ ಆರಿಸುತ್ತ ಕೇಳಿದಳು. ತೊಡೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

“ಎರಡರಾಗೆ ಚಿತ್ರ ಉಳಿದೈತೆ. ಅಲುಗಾಡತೈತೆ, ಆದ್ರೂ ಐತೆ,” ಎಂದ. “ಬೇರೆ ಕ್ಯಾಸೆಟ್ಟಿಗೆ ಇಳಿಸ್ಕಂಡು ಬಂದ್ರೆ ಎಂಟು ಕಂತು ಆಗತೈತೆ. ಮತ್ತೆ ಮಾತು ತುಂಬಾಕೆ ಬರತೈತೆ ಕಸ್ತೂರಿ.”

“ನಾನು ಒಲ್ಲೆ.”

“ಎಂಟೇ ಕಂತು.”

“ಆಡಿದ ಮಾತು ಆಡಿದ್ದಾತ್ರಿ. ಅವತ್ತು ನನಗೆ ಅಳು ಬಂದಿತ್ತು, ಅತ್ತು ಹೇಳಿದ್ದೆ. ಈಗ ನಾಟ್ಕ ಮಾಡಾಕೆ ಬರಂಗಿಲ್ಲ ನಂಗೆ.”

ಹಿತ್ತಾಳೆ ಕೊಡ ಅಂದಿನಿಂದ ನೀರಿಗೆ ಹೋಯಿತು.

ಮೂರು ಊರಿನ ಬಿಡುಗಡೆ ನಿಂತಿತು. ಹೊನ್ನಾಳಿಯ ಚಿತ್ತಪ್ಪ ಮಾತ್ರ ಬಿಡಲಿಲ್ಲ, ಬೋರ್ಡು ಬರೆಸಿಬಿಟ್ಟಿದ್ದ. “ನೀವೇ ಬಂದು ಪಕ್ಕದಾಗೆ ನಿಂತ್ಕಂಡು ಹೇಳ್ರಿ. ಬೀದಿಯಾಗೆ ಹೇಳ್ತಿರ್ಲಿಲ್ಲೇನ್ರಿ?” ಎಂದ. ಉಳಿದ ಚಿತ್ರವನ್ನು ರೇವಣ್ಣನ ಹತ್ತಿರ ಎರಡು ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಮೇ ಹತ್ತರಂದು ಮಧ್ಯಾಹ್ನ ಮರುಳಪ್ಪ ಹೊನ್ನಾಳಿಯಲ್ಲಿ ಟೀವಿಯ ಪಕ್ಕ ನಿಂತು ಹೇಳತೊಡಗಿದ. ಚಾಪೆಯ ಮೇಲೆ ಅರವತ್ತು ಜನ. ಸರಣಿಯ ಆರಂಭವಿದ್ದ ಎರಡು ಕ್ಯಾಸೆಟ್ ಹೋಗಿದ್ದವು, ಉಳಿದದ್ದು ಒಂಬತ್ತನೆಯ ಕಂತಿನಿಂದ. ಹಡಗು ಎಲ್ಲಿಂದ ಬಂತು, ಕಾಗದ ಯಾರದು ಎಂಬುದನ್ನೆಲ್ಲ ಅವನೇ ಮೊದಲು ವಿವರಿಸಬೇಕಾಯಿತು. ಚಿತ್ರ ಉರುಳುತ್ತಿತ್ತು. ವೈದ್ಯೆ ಬಾಯಿ ತೆರೆದಾಗಲೆಲ್ಲ ಅವನ ಗಡಸು ದನಿ ಕೇಳಿ ಹಿಂದಿನ ಸಾಲಿನವರು ನಗುತ್ತಿದ್ದರು.

“ಯಜಮಾನ್ರೇ, ಆ ಯಮ್ಮಗೆ ಗಂಟಲು ಕಟ್ಟೈತೇನ್ರಿ?” ಎಂದನೊಬ್ಬ.

ಇಪ್ಪತ್ತನೆಯ ನಿಮಿಷಕ್ಕೆ ಚಿತ್ತಪ್ಪ ಬಂದು, “ಸಾಕು ಮಾಡನ್ರಿ,” ಎಂದು ಮೆಲ್ಲಗೆ ಹೇಳಿ ಬೇರೆ ಕ್ಯಾಸೆಟ್ ಹಾಕಿದ. ಜನ ಸದ್ದಿಲ್ಲದೆ ಕೂತರು. ಆ ಎರಡು ಕ್ಯಾಸೆಟ್ ಚಿತ್ತಪ್ಪನ ಹತ್ತಿರವೇ ಉಳಿದವು. ಮುಂದಿನ ತಿಂಗಳು ಯಾರದೋ ಮದುವೆಯನ್ನು ಅವುಗಳ ಮೇಲೆ ಇಳಿಸಿದನೆಂದು ಮರುಳಪ್ಪನಿಗೆ ಆಮೇಲೆ ತಿಳಿಯಿತು. ಕೇಳಲು ಹೋಗಲಿಲ್ಲ.

ಅಂಗಡಿ ನಡೆಯಿತು. ಮುಂದಿನ ವರ್ಷಗಳಲ್ಲಿ ಊರಿಗೆಲ್ಲ ವಿಸಿಆರ್ ಬಂದು ಅವನಿಗೆ ಕೈತುಂಬ ಕೆಲಸವಾಯಿತು. ಬೀದಿಗೆ ಮುಖ ಮಾಡಿದ್ದ ಟೀವಿಯನ್ನು ಒಳಗೆ ತಿರುಗಿಸಿದ. ಕರಿಯಕ್ಕ ಒಂದೆರಡು ಸಲ, “ನಮ್ಮ ಟಪಾಲು ಯಾವಾಗಪ್ಪ?” ಎಂದು ಕೇಳಿ ಬಿಟ್ಟಳು. ಓಣಿಯವರು ಡ್ರೈವರ್ ಧರ್ಮಪ್ಪನನ್ನು ಬೈದಾಗ ಮರುಳಪ್ಪ, “ಅವನು ಗುಂಡಿಗೆ ಇಳಿಸಿಲ್ಲ,” ಎಂದಷ್ಟೇ ಹೇಳುತ್ತಿದ್ದ.

ಒಂದು ಕೆಲಸವನ್ನು ಮಾತ್ರ ಅವನು ಬಾಕಿ ಬಿಡಲಿಲ್ಲ. ಹೊನ್ನಾಳಿಯಿಂದ ಬಂದ ಮುಂದಿನ ಭಾನುವಾರ, ಮೇ ಹದಿನೇಳರಂದು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಂದ ಪ್ರಯೋಗಶಾಲೆಯ ಥರ್ಮಾಮೀಟರ್ ಕೇಳಿ ತಂದ. ಅದೇ ಹನ್ನೊಂದೂವರೆಯ ಬಸ್ಸು ಹತ್ತಿ, ಬಾನೆಟ್ಟಿನ ಮೇಲೆ ಅದೇ ಪೆಟ್ಟಿಗೆಯನ್ನು ಖಾಲಿಯಾಗಿ ಇಟ್ಟು, ಒಳಗೆ ಥರ್ಮಾಮೀಟರ್ ಮಲಗಿಸಿ, ಅದೇ ಕಂಬಳಿ ಸುತ್ತಿದ.

“ಏನ್ರಿ ಮರುಳಪ್ಪ,” ಎಂದ ಧರ್ಮಪ್ಪ, ಅಳುಕುತ್ತಲೇ ನಗೆಯಾಡಿ, “ನಮ್ಮ ಇಂಜಿನ್ನಿಗೆ ಜ್ವರ ಬಂದೈತೇನ್ರಿ?”

ಬಸ್ಸಿನವರು ನಕ್ಕರು. ಮರುಳಪ್ಪ ಸಂತೇಬೆನ್ನೂರಿನಲ್ಲಿ ಒಮ್ಮೆ, ದಾವಣಗೆರೆಯಲ್ಲಿ ನಿಂತಾಗ ಒಮ್ಮೆ, ಹೊರಟ ಮೇಲೆ ಒಮ್ಮೆ, ಜಗಳೂರಿನಲ್ಲಿ ಒಮ್ಮೆ ಕಂಬಳಿ ಬಿಚ್ಚಿ ಓದಿದ. ರೇವಣ್ಣನ ಮನೆಗೆ ಹೋಗದೆ ಅದೇ ಬಸ್ಸಿಗೆ ಹಿಂದಿರುಗಿದ.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಕಸ್ತೂರಮ್ಮ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಆ ಮೂರು ವಾರದಲ್ಲಿ ಇಬ್ಬರ ನಡುವೆ ಕ್ಯಾಸೆಟ್ಟಿನ ಮಾತು ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಅವತ್ತು ಒಂದು ಸಲ, ಒಲೆಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದಳು.

“ಎಷ್ಟಿತ್ತು?”

ಮರುಳಪ್ಪ ಬಾಯಲ್ಲಿದ್ದ ತುತ್ತು ನುಂಗಿದ.

“ಎಪ್ಪತ್ತೊಂದು ಡಿಗ್ರಿ.”